ಹೆಂಗಸರ ಗಾಡಿ

ಗಾಡಿ ತೆಗೆದುಕೊಳ್ಳೋಣ ಎಂಬ ಮಾತನ್ನು ಮೊದಲು ಎತ್ತಿದವಳು ಸರ್ವಮಂಗಳಮ್ಮ. ಹೊನ್ನಾಳಿಯಿಂದ ಸಾಸ್ವೆಹಳ್ಳಿಯ ಶಾಲೆಗೆ ದಿನವೂ ಹೋಗಿ ಬರುವವಳು ಅವಳೇ. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ಅದರಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಜಾಗವಿದ್ದ ದಿನ ಬಸ್ಸೇ ತಡವಾಗಿರುತ್ತಿತ್ತು. ಹೆಡ್ ಮಾಸ್ತರರು ಕೈಗಡಿಯಾರ ನೋಡಿಕೊಳ್ಳುವುದನ್ನು ಅವಳು ಶಾಲೆಯ ಗೇಟಿನಿಂದಲೇ ನೋಡುತ್ತ ಒಳಗೆ ಬರುತ್ತಿದ್ದಳು.

ಅವಳ ಮನಸ್ಸಿನಲ್ಲಿದ್ದದ್ದು ಲೂನಾದಂಥ ಪುಟ್ಟ ಗಾಡಿ. ಸೀರೆ ಉಟ್ಟುಕೊಂಡೇ ಕೂರಬಹುದು, ಪೆಟ್ರೋಲು ಕಡಿಮೆ, ಕಲಿಯುವುದು ಸುಲಭ. ಗಂಡ ಶಿವಮೂರ್ತಪ್ಪ ಅಡಿಕೆ ದಲ್ಲಾಳಿ ಎಂದು ಹೇಳಿಕೊಳ್ಳುತ್ತಿದ್ದವನು. ದಿನದ ಬಹುಭಾಗ ಅವನಿಗೆ ಬಿಡುವಿರುತ್ತಿತ್ತು. ಅವನು ಗಾಡಿಗೆ ಕೂಡಲೇ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಆಶ್ಚರ್ಯ.

“ನೀ ಯಾಕೆ ಓಡಸ್ಬೇಕು? ಹೆಂಗಸರು ಗಾಡಿ ಓಡಿಸಿದ್ರೆ ಊರಾಗೆ ಏನಂದಾರು? ನಾನೇ ದಿನಾ ಬಿಟ್ಟು ಬರ್ತೀನಿ,” ಎಂದ.

ಆಮೇಲೆ ಗಾಡಿ ಆರಿಸುವ ಕೆಲಸ ಅಶ್ವತ್ಥಕಟ್ಟೆಯ ಮೇಲೆ ನಡೆಯಿತು. ಹೊಸದಾಗಿ ಕಲಿಯುವವನಿಗೆ ಯಾವ ಗಾಡಿ ಒಳ್ಳೆಯದು ಎಂದು ಎಂದೂ ಗಾಡಿ ಮುಟ್ಟದವರೆಲ್ಲ ಹೇಳಿದರು. ಬುಲೆಟ್ ಗತ್ತಿನದು, ಆದರೆ ಅದನ್ನು ಸಾಕುವುದು ಕಷ್ಟ. ರಾಜದೂತ್ ಗಟ್ಟಿ, ಆದರೆ ಹಾಲಿನ ಕ್ಯಾನು ಕಟ್ಟುವವರೆಲ್ಲ ಅದನ್ನೇ ಇಟ್ಟಿದ್ದಾರೆ. ಕೊನೆಗೆ ಎಜ್ಡಿ ಎಂದಾಯಿತು. ಬಣ್ಣ, ಶಬ್ದ, ಓಟ, ಮಾರಿದರೆ ಸಿಗುವ ಬೆಲೆ ಎಲ್ಲವನ್ನೂ ಕಟ್ಟೆ ಪರಿಗಣಿಸಿತು. ಸಾಸ್ವೆಹಳ್ಳಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಇಲಾಖೆಯಿಂದ ಅವಳ ಸಂಬಳದ ಮೇಲೆ ಮುಂಗಡ ಬಂತು. ಅವಳು ಗಂಡ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದಳು. ದಾವಣಗೆರೆಯಿಂದ ಬಂದ ಗಾಡಿಗೆ ಆರತಿಯನ್ನೂ ಅವಳೇ ಎತ್ತಿದಳು. ಅದು ಎಂಬತ್ತೊಂದನೆಯ ಇಸವಿ.

ಶಿವಮೂರ್ತಪ್ಪ ಮಾತು ತಪ್ಪಿದನೆಂದು ಹೇಳುವಂತಿಲ್ಲ. ಮಳೆಗಾಲ ಶುರುವಾಗುವವರೆಗೆ ಅವಳನ್ನು ಶಾಲೆಗೆ ಬಿಟ್ಟ. ಮಳೆಯಲ್ಲಿ ಗಾಡಿ ಜಾರುತ್ತದೆ ಎಂದು ನಿಲ್ಲಿಸಿದ. ಮಳೆ ನಿಂತ ಮೇಲೆ ಅಡಿಕೆ ಸುಗ್ಗಿ ಎಂದ. ಸುಗ್ಗಿ ಮುಗಿದ ಮೇಲೆ ಅವನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಎಜ್ಡಿ ದಿನವೂ ನ್ಯಾಮತಿಯಲ್ಲಿ, ಪಾಪಣ್ಣ ಎಂಬ ಸ್ನೇಹಿತನ ಗೋದಾಮಿನ ಮುಂದೆ ನಿಂತಿರುತ್ತಿತ್ತು. ಒಳಗೆ ಇಸ್ಪೀಟು.

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳು. ಆದರೆ ಒಂದು ಬೆಳಿಗ್ಗೆ, ಹೊಳೆಯ ಸೇತುವೆಯ ಮೇಲೆ ಬಸ್ಸಿನ ಕಂಬಿ ಹಿಡಿದು ಯಾರದೋ ಮೊಣಕೈಯ ಕೆಳಗೆ ಬಗ್ಗಿ ನಿಂತಿದ್ದಾಗ, ಪರಿಚಿತವಾದ ಶಬ್ದ ಕೇಳಿ ಕಿಟಕಿಯ ಹೊರಗೆ ನೋಡಿದಳು. ಎಜ್ಡಿ ಬಸ್ಸನ್ನು ಹಿಂದೆ ಹಾಕಿ ಮುಂದೆ ಹೋಯಿತು. ಶಿವಮೂರ್ತಪ್ಪ ಶಿಳ್ಳೆ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲಿ, ಪಾಪಣ್ಣ ಆರಾಮವಾಗಿ ಕೂತು ಬೀಡಿ ಸೇದುತ್ತಿದ್ದ. ಆ ಬೀಡಿಯ ಹೊಗೆ ಕಿಟಕಿಯಿಂದ ಒಳಗೆ ಬಂದು ಅವಳ ಮುಖಕ್ಕೆ ತಾಗಿತು.

ಅಂದು ಐದನೆಯ ತರಗತಿಯವರು ಮಗ್ಗಿ ಒಪ್ಪಿಸುತ್ತಿದ್ದಾಗ ಅವಳು ತೀರ್ಮಾನಿಸಿದಳು: ಗಾಡಿ ಹೋಗಬೇಕು.

ಕದಿಯುವುದು ಎಂಬ ಪದವನ್ನು ಅವಳು ತನ್ನೊಳಗೂ ಬಳಸಲಿಲ್ಲ. ದೊಡ್ಡ ಲೆಕ್ಕವನ್ನು ಮಕ್ಕಳಿಗೆ ಬಿಡಿಸಿ ತೋರಿಸುವಂತೆ ಕೆಲಸವನ್ನು ಹಂತ ಹಂತವಾಗಿ ಬಿಡಿಸಿದಳು. ಕಳವಾದ ಗಾಡಿಯನ್ನು ಪೊಲೀಸರು ಹುಡುಕುತ್ತಾರೆ. ಅವರು ಹುಡುಕುವುದು ಒಬ್ಬ ಗಂಡಸನ್ನು. ತಾಲ್ಲೂಕಿನಲ್ಲಿ ಮೋಟಾರ್ ಸೈಕಲ್ ಓಡಿಸಬಲ್ಲ ಒಬ್ಬ ಹೆಂಗಸೂ ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅವಳು ಓಡಿಸಲು ಕಲಿತರೂ ಆ ವಿಷಯ ಬದಲಾಗದಂತೆ ನೋಡಿಕೊಂಡರೆ ಸಾಕು.

ಕಲಿಯುವುದರಲ್ಲಿ ಅರ್ಧ ಆಗಲೇ ಮುಗಿದಿತ್ತು. ಬೇಸಿಗೆಯುದ್ದಕ್ಕೂ ಹಿಂದೆ ಕೂತಿದ್ದವಳು ಗಂಡನ ಹೆಗಲಾಚೆಯಿಂದ ಎಲ್ಲವನ್ನೂ ನೋಡಿದ್ದಳು. ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಆಕ್ಸಿಲರೇಟರು. ಎಡಗಾಲ ಬಳಿ ಒಂದೇ ಲಿವರು. ಅದನ್ನು ಮೇಲೆ ತಿರುಗಿಸಿದರೆ ಕಿಕ್ಕು, ಕೆಳಗೆ ಬಿಟ್ಟರೆ ಗೇರು. ಉಳಿದರ್ಧಕ್ಕೆ ಭಾನುವಾರಗಳಿದ್ದವು. ಶಿವಮೂರ್ತಪ್ಪ ಭಾನುವಾರ ಬಿಸಿಲೇರುವವರೆಗೆ ಮಲಗುತ್ತಿದ್ದ. ಅವಳು ಬೆಳಕು ಹರಿಯುತ್ತಲೇ ಬಕೆಟ್ಟು, ಹಳೆಯ ಬಟ್ಟೆ ಹಿಡಿದು ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿಕೊಂಡು ಹೊಳೆಗೆ ಹೋಗತೊಡಗಿದಳು. ತೊಳೆಯಲು.

“ಎಮ್ಮೆ ಮೈ ತಿಕ್ಕಿದಂಗೆ ತಿಕ್ಕಿ ತೊಳೀತೀರಂತಲ್ರೀ ಅಕ್ಕೋರೆ. ಎಂಥ ಪುಣ್ಯವಂತ ನಿಮ್ಮ ಯಜಮಾನ್ರು,” ಎಂದಳು ಪಕ್ಕದ ಮನೆಯ ಶಂಕರಮ್ಮ. ಅವಳು ತನ್ನ ಗಂಡನ ಸೈಕಲ್ಲನ್ನು ಒಮ್ಮೆಯೂ ತೊಳೆದಿರಲಿಲ್ಲ.

ಇಟ್ಟಿಗೆ ಗೂಡುಗಳ ಆಚೆ, ನೀರು ಇಳಿದು ಗಟ್ಟಿಯಾದ ದಡದಲ್ಲಿ, ಸೀರೆಯನ್ನು ಕಚ್ಚೆ ಕಟ್ಟಿ ಅವಳು ಕಲಿತಳು. ಮೊದಲ ಭಾನುವಾರ ಬಿದ್ದಳು. ಬಿದ್ದ ನೋವಿಗಿಂತ ಗಾಡಿ ಎತ್ತಲಾಗದ ಭಯ ದೊಡ್ಡದಾಗಿತ್ತು. ಕೊನೆಗೆ ಬೆನ್ನು ಕೊಟ್ಟು ಎತ್ತಿದಳು. ಬಿದ್ದ ಗಾಡಿಯನ್ನು ಒಬ್ಬರೇ ಎತ್ತಲು ಆಗುತ್ತದೆಯೇ ಎಂಬುದು ಗಾಡಿ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಎಂದು ಅವಳಿಗೆ ಅಂದು ಹೊಳೆಯಿತು. ಕಟ್ಟೆಯ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಯುಗಾದಿಯ ಹೊತ್ತಿಗೆ ಅವಳು ದಡದ ಮೇಲೆ ಎಂಟರ ಅಂಕಿ ಬರೆಯುವಂತೆ ಗಾಡಿ ತಿರುಗಿಸುತ್ತಿದ್ದಳು. ತೊಳೆಯುವುದನ್ನೂ ಬಿಡಲಿಲ್ಲ. ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಶಿವಮೂರ್ತಪ್ಪ ಅದಕ್ಕಾಗಿ ನ್ಯಾಮತಿಯಲ್ಲಿ ಹೆಂಡತಿಯನ್ನು ಹೊಗಳಿದನಂತೆ.

ಇನ್ನೊಂದು ಕಡೆ ಅವಳು ತನ್ನ ಗಾಡಿಯನ್ನೂ ಆರಿಸುತ್ತಿದ್ದಳು. ಈ ಸಲ ಆರಿಸಿದವಳು ಅವಳೊಬ್ಬಳೇ. ಚನ್ನಗಿರಿಯಲ್ಲಿದ್ದ ತಂಗಿ ನಿರ್ಮಲಮ್ಮನ ಬೀದಿಯಲ್ಲಿ ಧರ್ಮಪ್ಪ ಎಂಬ ನಿವೃತ್ತ ಪೋಸ್ಟ್ ಮಾಸ್ತರರು ತಮ್ಮ ಲೂನಾ ಮಾರುವವರಿದ್ದರು. ಅದು ಹಗುರ; ಬಿದ್ದರೆ ಎತ್ತಬಹುದು. ಕೆಟ್ಟರೆ ಸೈಕಲ್ ಶಾಪಿನವನೂ ಕೈಯಾಡಿಸಬಹುದು. ಪೆಟ್ರೋಲು ಮುಗಿದರೆ ತುಳಿದುಕೊಂಡು ಮನೆ ಸೇರಬಹುದು. ಎಲ್ಲಕ್ಕಿಂತ ಮುಖ್ಯವಾದ ಗುಣ ಬೇರೆಯೇ ಇತ್ತು: ಅದರ ಮೇಲೆ ಕೂರಲು ಶಿವಮೂರ್ತಪ್ಪನಿಗೆ ನಾಚಿಕೆ. ಅವನ ಬಾಯಲ್ಲಿ ಅದು ಹೆಂಗಸರ ಗಾಡಿ. ಬೀಗಕ್ಕಿಂತ ಭದ್ರವಾದ ಕಾವಲು ಅದು ಎಂದು ಅವಳು ಎಣಿಸಿದಳು.

ಎಜ್ಡಿಯನ್ನು ಎಲ್ಲಿಗೆ ಸಾಗಿಸುವುದೆಂಬುದು ಬಸ್ಸಿನಲ್ಲೇ ತಿಳಿಯಿತು. ಜಗಳೂರಿನ ಕಡೆಯ ಒಬ್ಬ ಪ್ರಯಾಣಿಕ ಇನ್ನೊಬ್ಬನಿಗೆ ಹೇಳುತ್ತಿದ್ದ: ಅಲ್ಲಿ ಸಣ್ಣತಿಮ್ಮಪ್ಪ ಎಂಬುವನು ಹಳೆ ಗಾಡಿಗಳನ್ನು ಕೊಳ್ಳುತ್ತಾನೆ, ಹೆಚ್ಚು ಕೇಳುವವನಲ್ಲ. ಜಗಳೂರಿನಲ್ಲಿ ಅವಳನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಅದೂ ಒಳ್ಳೆಯದಾಯಿತು.

ಏಪ್ರಿಲಿನಲ್ಲಿ ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು. ಬಿಸಿಲು ಏರುವ ಮೊದಲೇ ಬಿಡುತ್ತಿತ್ತು. ಒಂದು ಶನಿವಾರ ಶಾಲೆಯಿಂದ ನೇರವಾಗಿ ತಂಗಿಯ ಮನೆಗೆ ಹೋಗುವುದಾಗಿ ಗಂಡನಿಗೆ ಮೊದಲೇ ಹೇಳಿಟ್ಟಳು. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ನ್ಯಾಮತಿಗೆ ಬಂದಳು. ಊರಾಚೆಯ ಪಾಳು ಪಂಪ್‌ಹೌಸಿನಲ್ಲಿ ಚೀಲ ಬಿಚ್ಚಿದಳು. ಗಂಡನಿಗೆ ಬಿಗಿಯಾಗಿ ಮೂಲೆ ಸೇರಿದ್ದ ಪ್ಯಾಂಟು, ತುಂಬುತೋಳಿನ ಅಂಗಿ, ಸಂತೆಯಲ್ಲಿ ಕೊಂಡ ಗಂಡಸರ ಚಪ್ಪಲಿ, ಕಪ್ಪು ಕನ್ನಡಕ. ಬಳೆ ಕಳಚಿದಳು. ಓಲೆ, ಮೂಗುಬೊಟ್ಟು ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ಕುಂಕುಮ ಒರೆಸಿದಳು. ತಾಳಿಯನ್ನು ಅಂಗಿಯೊಳಗೆ ಇಳಿಬಿಟ್ಟು ಕೊರಳ ಗುಂಡಿಯವರೆಗೂ ಹಾಕಿದಳು. ಜಡೆಯನ್ನು ನೆತ್ತಿಗೆ ಸುತ್ತಿ ಅದರ ಮೇಲೆ ಟವಲನ್ನು ತಲೆ, ಕಿವಿ, ಬಾಯಿ ಮುಚ್ಚುವಂತೆ ಬಿಗಿದಳು. ಆ ಬಿಸಿಲಿನಲ್ಲಿ ಹಾಗೆ ಸುತ್ತಿಕೊಳ್ಳದವನೇ ವಿಚಿತ್ರವಾಗಿ ಕಾಣುತ್ತಿದ್ದ. ಕೈಗನ್ನಡಿಯಲ್ಲಿ ನೋಡಿಕೊಂಡಳು. ಹೆಂಗಸು ಎಂಬುದಕ್ಕೆ ಒಂದು ಗುರುತೂ ಉಳಿದಿರಲಿಲ್ಲ.

ಗೋದಾಮಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಗಂಡನ ನಗು ಕೇಳಿಸಿತು; ಗೆಲ್ಲುತ್ತಿದ್ದನೋ ಏನೋ. ಗಾಡಿಯ ಎರಡನೆಯ ಕೀಲಿ ಮನೆಯ ಟ್ರಂಕಿನಲ್ಲಿ ಅವಳ ಸೀರೆಗಳ ಅಡಿಯಲ್ಲೇ ಇದ್ದದ್ದು. ಈಗ ಅವಳ ಜೇಬಿನಲ್ಲಿತ್ತು. ಸ್ಟ್ಯಾಂಡು ತೆಗೆದು, ಬೀದಿಯ ತಿರುವಿನವರೆಗೆ ಅವಸರವಿಲ್ಲದೆ ತಳ್ಳಿಕೊಂಡು ಹೋಗಿ, ಅಲ್ಲಿ ಕಿಕ್ ಹೊಡೆದಳು. ಮರದ ನೆರಳಿನಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

ಹೊನ್ನಾಳಿಯ ದಾರಿ ಬಿಟ್ಟು ಸವಳಂಗದ ಮೇಲೆ ಹೋಗಿ, ಅಲ್ಲಿಂದ ಬಳಸಿಕೊಂಡು ಚನ್ನಗಿರಿಯ ಕಡೆ ತಿರುಗಿದಳು. ನುಣ್ಣನೆಯ ರಸ್ತೆ ಬಂದಾಗ ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನನ್ನು ಉಬ್ಬಿಸಿತು. ಇಷ್ಟು ದಿನ ಈ ಗಾಳಿಯನ್ನು ಪಾಪಣ್ಣ ತಿನ್ನುತ್ತಿದ್ದ ಎಂದುಕೊಂಡಳು.

ಚನ್ನಗಿರಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಿಡಿದ. ನಿಲ್ಲಿಸದೆ ಹೋಗುವುದು ಮೂರ್ಖತನವೆಂದು ಅವಳಿಗೆ ಗೊತ್ತಿತ್ತು. ನಿಲ್ಲಿಸಿದಳು. ಅವನು ಏನೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತ.

“ಸಂತೇಬೆನ್ನೂರಿಗೆ ಬಿಟ್ಟುಬಿಡಣ್ಣ. ಬಸ್ಸು ಕೆಟ್ಟು ನಿಂತೈತೆ.”

ದಾರಿಯುದ್ದಕ್ಕೂ ಅವನೇ ಮಾತಾಡಿದ. ತಾನೂ ಒಂದು ಗಾಡಿ ತೆಗೆದುಕೊಳ್ಳಬೇಕೆಂದಿದ್ದಾನೆ. ದಿನಾ ಡ್ಯೂಟಿಗೆ ಓಡಾಡಲು. ಓಡಿಸಿ ಗೊತ್ತಿಲ್ಲ. ಹೊಸಬರಿಗೆ ಎಜ್ಡಿ ಹೇಗೆ, ಭಾರವಾಗುವುದಿಲ್ಲವೇ ಎಂದು ಕೇಳಿದ. ಅವಳು ಗಂಟಲು ಕಟ್ಟಿದವಳಂತೆ ಕೆಮ್ಮಿ, ಮೊದಲು ಸಣ್ಣದು ತಗೋ ಎಂದಷ್ಟೇ ಹೇಳಿದಳು. ಇಳಿಯುವಾಗ ಅವನು ಅವಳ ಹೆಗಲು ತಟ್ಟಿ, ಅಣ್ಣ ಚಲೋ ಓಡಿಸ್ತೀಯ ಎಂದ. ಗಾಡಿ ಓಡಿಸುವುದಕ್ಕೆ ಅವಳಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಅಲ್ಲಿಂದ ಮುಂದೆ ಅವಳಿಗೆ ಯಾವ ಅಂಜಿಕೆಯೂ ಉಳಿಯಲಿಲ್ಲ.

ಜಗಳೂರಿನಲ್ಲಿ ಸಣ್ಣತಿಮ್ಮಪ್ಪನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವನು ಮನುಷ್ಯರ ಮುಖ ನೋಡುವ ಪೈಕಿಯೇ ಅಲ್ಲ. ಕುಕ್ಕರಗಾಲಿನಲ್ಲಿ ಕೂತು ಚೈನು ಎಳೆದು ನೋಡಿದ, ಟೈರು ಒತ್ತಿ ನೋಡಿದ, ಇಂಜಿನ್ನಿನ ತಳದಲ್ಲಿ ಎಣ್ಣೆ ಸೋರಿದೆಯೋ ಎಂದು ಬೆರಳಾಡಿಸಿದ.

“ಕಾಗದ?”

“ಇಲ್ಲ.”

“ಒಂದ್ಸಲ ಸ್ಟಾರ್ಟ್ ಮಾಡ್ರಿ.”

ಅವಳು ಮಾಡಿದಳು. ಅವನು ಶಬ್ದ ಕೇಳಿ ತಲೆಯಾಡಿಸಿದ. ಬೆಲೆಯನ್ನು ಕಾಗದವಿಲ್ಲದ ಗಾಡಿಗೆ ತಕ್ಕಂತೆ ಹೇಳಿದ. ಅವಳು ಚೌಕಾಸಿ ಮಾಡಲಿಲ್ಲ. ಅವನು ಹೆಸರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಊರ ಹೊರಗಿನ ಬೇಲಿಯ ಮರೆಯಲ್ಲಿ ಮತ್ತೆ ಸೀರೆ ಉಟ್ಟು, ಬಳೆ ತೊಟ್ಟು, ಕುಂಕುಮವಿಟ್ಟು, ಸಂಜೆಯ ಬಸ್ಸಿನಲ್ಲಿ ದಾವಣಗೆರೆಗೂ ಅಲ್ಲಿಂದ ಚನ್ನಗಿರಿಗೂ ಬಂದಳು. ನಿರ್ಮಲಮ್ಮ ಅಕ್ಕನ ಮುಖ ಬಿಸಿಲಿಗೆ ಕಂದಿದೆಯೆಂದು ಮಜ್ಜಿಗೆ ಕೊಟ್ಟಳು. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ ಎಂದಳು ಸರ್ವಮಂಗಳಮ್ಮ. ಅದು ನಿಜವೂ ಆಗಿತ್ತು.

ಮರುದಿನ ಹೊನ್ನಾಳಿಗೆ ಬಂದಾಗ ಶಿವಮೂರ್ತಪ್ಪ ಹೊಸ್ತಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನ್ಯಾಮತಿಯ ಠಾಣೆಗೆ ದೂರು ಕೊಟ್ಟಾಗಿತ್ತು. ಅವನ ಗುಮಾನಿ ಪಾಪಣ್ಣನ ಮೇಲೆ. ಆಟದ ನಡುವೆ ಉಚ್ಚೆಗೆಂದು ಎದ್ದು ಹೋಗಿದ್ದ, ಬಹಳ ಹೊತ್ತು ಬರಲಿಲ್ಲ ಎಂದ. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ಇದ್ದಿದ್ದರೆ ಇನ್ನೂ ಬೇಗ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಇಬ್ಬರ ಸ್ನೇಹ ಅಂದಿಗೆ ಮುಗಿಯಿತು. ಅವಳು ಗಂಡನಿಗೆ ಬೆಲ್ಲದ ಕಾಫಿ ಮಾಡಿಕೊಟ್ಟಳು. ಅವನ ಕಣ್ಣಲ್ಲಿ ನೀರು ನೋಡಲಾಗದೆ ಒಲೆಯ ಕಡೆ ತಿರುಗಿದಳು. ಬಸ್ಸಿನ ಕಿಟಕಿಯನ್ನು ನೆನೆಸಿಕೊಂಡಳು, ಸರಿಹೋಯಿತು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಲೂನಾ ಮನೆಗೆ ಬಂತು. ದುಡ್ಡಿಗೆ ಶಿಕ್ಷಕರ ಸಂಘದ ಚೀಟಿ ಎತ್ತಿದೆ ಎಂದು ಹೇಳಿದಳು. ಗಾಡಿ ಹೋದ ದುಃಖದಲ್ಲಿದ್ದ ಗಂಡ ಹೆಂಗಸರು ಓಡಿಸಬಾರದೆಂಬ ಮಾತನ್ನು ಮರೆತ. ಲೂನಾವನ್ನು ಸುತ್ತಿ ಬಂದು ನೋಡಿ, ಇದರ ಮ್ಯಾಲೆ ನಾ ಕೂರಲ್ಲ ನೋಡು ಎಂದ. ನಿಮ್ಮಿಷ್ಟ ಎಂದಳು ಅವಳು.

ಬೀದಿಯವರ ಮುಂದೆಯೇ ಎರಡು ದಿನ ಬೇಕೆಂದೇ ತಡವರಿಸಿ ಕಲಿತಳು. ಶಂಕರಮ್ಮ ಹಿಂದಿನಿಂದ ಹಿಡಿದುಕೊಂಡು ಓಡಿದಳು. ಆಮೇಲೆ ಸಾಸ್ವೆಹಳ್ಳಿಗೆ ಹೊರಟಳು. ಸೆರಗನ್ನು ಸೊಂಟಕ್ಕೆ ಬಿಗಿದು, ಟಿಫಿನ್ ಡಬ್ಬಿ ಮುಂದೆ ಸಿಕ್ಕಿಸಿಕೊಂಡು ಹೋಗುವ ಅಕ್ಕೋರನ್ನು ನೋಡಲು ಮಕ್ಕಳು ರಸ್ತೆಗೆ ಬಂದು ನಿಲ್ಲುತ್ತಿದ್ದರು. ಬಸ್ಸುಗಳು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು, ಅವಳಿಗೆ ಬೇಸರವಿರಲಿಲ್ಲ. ಹೆಡ್ ಮಾಸ್ತರರು ಗೇಟಿಗೆ ಬರುವ ಹೊತ್ತಿಗೆ ಅವಳು ಹಾಜರಿ ಕರೆಯುತ್ತಿದ್ದಳು. ಮಾಡಿದ್ದರಲ್ಲಿ ಎಲ್ಲಿಯಾದರೂ ಬಿರುಕು ಇದೆಯೇ ಎಂದು ದಾರಿಯಲ್ಲಿ ಒಮ್ಮೊಮ್ಮೆ ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡುತ್ತಿದ್ದಳು. ಸಿಗುತ್ತಿರಲಿಲ್ಲ.

ದಸರೆಯ ಮುಂಚೆ ನ್ಯಾಮತಿಯ ಠಾಣೆಯಿಂದ ಹೇಳಿಕಳಿಸಿದರು. ಗಾಡಿ ಸಿಕ್ಕಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು. ಶಿವಮೂರ್ತಪ್ಪ ಹೊಸ ಅಂಗಿ ಹಾಕಿಕೊಂಡ. ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಸಿಕ್ಕಿದರೆ ಸಿಗಲಿ; ಗಂಡನಿಗೆ ಎಜ್ಡಿ, ತನಗೆ ಲೂನಾ. ಸಣ್ಣತಿಮ್ಮಪ್ಪ ಸಿಕ್ಕಿಬಿದ್ದಿದ್ದರೂ ಅವನು ಹೇಳುವುದು ಟವಲು ಸುತ್ತಿದ ಗಂಡಸಿನ ಕತೆಯನ್ನು.

ಠಾಣೆಯ ಅಂಗಳದಲ್ಲಿ ಎಜ್ಡಿ ಧೂಳು ಹಿಡಿದು ನಿಂತಿತ್ತು. ಒಳಗೆ ಗೋಡೆಗೆ ಒರಗಿ ಸಣ್ಣತಿಮ್ಮಪ್ಪ ನೆಲದ ಮೇಲೆ ಕೂತಿದ್ದ, ಎದೆಗೆ ತಲೆ ಇಳಿಬಿಟ್ಟು. ಬೇರೆ ಯಾವುದೋ ಗಾಡಿ ಹುಡುಕಲು ಹೋದವರಿಗೆ ಗೋಣಿ ತಾಟಿನ ಕೆಳಗೆ ಇದು ಸಿಕ್ಕಿತ್ತಂತೆ. ಸಬ್ ಇನ್ಸ್‌ಪೆಕ್ಟರ್ ಜಯದೇವಪ್ಪ ನಿಧಾನದ ಮನುಷ್ಯ. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿದ. ಶಿವಮೂರ್ತಪ್ಪ ಗಾಡಿ ಬಿಡಿಸಿಕೊಳ್ಳಲು ಎಲ್ಲಿ ಸಹಿ ಹಾಕಬೇಕೆಂದು ಕೇಳಿದ.

“ನಿಮ್ಮ ಸಹಿ ನಡಿಯಂಗಿಲ್ರೀ,” ಎಂದ ಜಯದೇವಪ್ಪ. “ಗಾಡಿ ಇರೋದು ಅಕ್ಕೋರ ಹೆಸರಲ್ಲಿ. ಮುಂಗಡ ತಗೊಂಡೋರ ಹೆಸರಲ್ಲೇ ಇರಬೇಕಲ್ಲ. ನೀವು ಕೊಟ್ಟ ದೂರೂ ನಿಲ್ಲಂಗಿಲ್ಲ.” ಆಮೇಲೆ ಅವಳ ಕಡೆ ತಿರುಗಿದ. “ಕಳುವಾಗೈತೆ ಅಂತ ನೀವು ಬರಕೊಟ್ರೆ ಕಳ್ಳತನ. ಇಲ್ಲಾಂದ್ರೆ ಇದು ಕೇಸೇ ಅಲ್ಲ. ನಿಮ್ಮ ಗಾಡಿ, ನೀವು ಇಟ್ಕೋಬಹುದು, ಮಾರಬಹುದು, ಹೊಳೆಗೆ ಹಾಕಬಹುದು. ನಮಗೇನು?”

ಸರ್ವಮಂಗಳಮ್ಮ ಕಿಟಕಿಯಾಚೆಯ ಗಾಡಿಯನ್ನು ನೋಡಿದಳು. ಅಶ್ವತ್ಥಕಟ್ಟೆಯ ಮುಂದೆಯೇ ಅದನ್ನು ನಿಲ್ಲಿಸಿ, ಇಡೀ ಊರು ನೋಡುತ್ತಿರುವಾಗ ಮಾರಬಹುದಾಗಿತ್ತು. ಭಾನುವಾರಗಳು ಬೇಕಿರಲಿಲ್ಲ, ಪಂಪ್‌ಹೌಸು, ಟವಲು, ಜಗಳೂರು ಯಾವುದೂ ಬೇಕಿರಲಿಲ್ಲ. ಈಗಲೂ ಒಂದು ಮಾತು ಸಾಕಾಗಿತ್ತು: ನಾನೇ ಮಾರಿದೆ. ಆದರೆ ಪಕ್ಕದಲ್ಲಿ ಗಂಡ ಕೂತಿದ್ದ. ಯಾಕೆ ಎಂದು ಕೇಳುತ್ತಿದ್ದ. ಅದನ್ನು ಹೇಳಲು ಹೊರಟರೆ ಬೀಡಿಯ ಹೊಗೆಯಿಂದ ಶುರುಮಾಡಿ ಮದುವೆಯವರೆಗೂ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಅದಕ್ಕಿಂತ ಇದು ಸುಲಭ. ಅವಳು ಪೆನ್ನು ತೆಗೆದುಕೊಂಡು, ನನ್ನ ವಾಹನವನ್ನು ಯಾರೋ ಅಪರಿಚಿತ ಗಂಡಸು ಕಳವು ಮಾಡಿರುತ್ತಾನೆ, ಆ ದಿನ ನಾನು ಚನ್ನಗಿರಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದೆ ಎಂದು ಕಪ್ಪು ಹಲಗೆಯ ಮೇಲೆ ಬರೆಯುವಂಥ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

ಜಯದೇವಪ್ಪ ಕಾಗದ ತೆಗೆದುಕೊಂಡು, ಮಾರಾಕೆ ಬಂದವನು ಹೆಂಗಿದ್ದ, ಇನ್ನೊಂದ್ಸಲ ಇವರ ಮುಂದೆ ಹೇಳು ಎಂದು ನೆಲದ ಮೇಲಿದ್ದವನಿಗೆ ಹೇಳಿದ. ಸಣ್ಣತಿಮ್ಮಪ್ಪ ಭಯಕ್ಕೆ ತಲೆ ಎತ್ತಲಿಲ್ಲ. ಅವನ ಕಣ್ಣು ಮೇಜಿನ ಕೆಳಗೆ, ಕುರ್ಚಿಗಳ ಕಾಲುಗಳ ನಡುವೆ, ಒಂದು ಕಡೆ ಹೋಗಿ ಅಲ್ಲೇ ನಿಂತಿತ್ತು. “ಮುಖ ನಾ ನೋಡ್ಲಿಲ್ಲ ಸಾಹೇಬ್ರೆ, ಸುತ್ಕಂಡಿದ್ದ. ಕಿಕ್ ಹೊಡೆಯುವಾಗ ಕಾಲು ಕಂಡಿತ್ತು. ಗಂಡಸು ಕಾಲುಂಗುರ ಹಾಕ್ಕಂಡಿದ್ದ. ಏನೋ ಹರಕೆ ಇರಬೇಕು ಅಂದ್ಕಂಡು ಸುಮ್ಮನಾದೆ. ಎಡಗಾಲಿಂದು ಗೇರಿಗೆ ಸಿಕ್ಕಿ ಅಪ್ಪಚ್ಚಿ ಆಗಿತ್ತು,” ಎಂದು, ಆಮೇಲೆ ಇನ್ನೂ ಮೆಲ್ಲಗೆ, “ಹಿಂಗೇ,” ಎಂದ. ಜಯದೇವಪ್ಪ ಬಗ್ಗಿ ನೋಡಿದ. ಶಿವಮೂರ್ತಪ್ಪನೂ ನೋಡಿದ, ಹೆಂಡತಿಯ ಪಾದವನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಕೊನೆಗೆ ಸರ್ವಮಂಗಳಮ್ಮನೂ ನೋಡಿಕೊಂಡಳು. ಧಾರೆಯ ದಿನ ಬೆರಳಿಗೇರಿದ ಮೇಲೆ ಒಮ್ಮೆಯೂ ಕಳಚದ, ಕಳಚಬಹುದೆಂದೇ ಹೊಳೆಯದ ಬೆಳ್ಳಿಯ ಉಂಗುರ ಎಡಗಾಲಿನಲ್ಲಿ ಚಪ್ಪಟೆಯಾಗಿ ಕೂತಿತ್ತು.